ಡಾಕ್ಟರಿಗಿಂತ ಎತ್ತರದ ಸ್ಟೂಲು

ಇಳಕಲ್ಲಿನಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ನಾಲ್ಕೈದು ವರ್ಷವಾಗುವ ಹೊತ್ತಿಗೆ ನನ್ನ ಬೆನ್ನು ಕೈಕೊಟ್ಟಿತ್ತು. ಆಗ ನಾವೆಲ್ಲ ನಿಂತುಕೊಂಡೇ ಕೆಲಸ ಮಾಡುತ್ತಿದ್ದೆವು. ಪೇಷಂಟು ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದರು. ನಾನು ಪಕ್ಕಕ್ಕೆ ನಿಂತು, ಸೊಂಟ ತಿರುಚಿ, ಕತ್ತು ಬಗ್ಗಿಸಿ ಬಾಯೊಳಗೆ ಇಣುಕುತ್ತಿದ್ದೆ. ನಡುನಡುವೆ ಅವರು ಮುಂದಕ್ಕೆ ಬಾಗಿ ಬೋಗುಣಿಗೆ ಉಗುಳಬೇಕು, ಮತ್ತೆ ಒರಗಬೇಕು, ನಾನು ಮತ್ತೆ ಬಗ್ಗಬೇಕು. ಸಂಜೆ ಮನೆಗೆ ಹೋದರೆ ರೊಟ್ಟಿ ಬಡಿಯಲು ಕೂರಲಾಗುತ್ತಿರಲಿಲ್ಲ. ಈ ವಯಸ್ಸಿಗೇ ಹೀಗಾದರೆ ಮುಂದೇನು ಎಂದು ಹೆದರಿಕೆಯಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಬಾಗಲಕೋಟೆಯಲ್ಲಿ ಹಲ್ಲಿನ ಡಾಕ್ಟರುಗಳಿಗೆಂದು ಒಂದು ತರಬೇತಿ ನಡೆಯಿತು. ಅಲ್ಲಿ ಕಲಿಸಿದ್ದು ಕೇಳಲು ಸರಳವಾಗಿತ್ತು. ಪೇಷಂಟು ಪೂರ್ತಿ ಮಲಗಬೇಕು. ಡಾಕ್ಟರು ಅವರ ತಲೆಯ ಹತ್ತಿರ ಕೂರಬೇಕು. ಎದುರಿಗೆ ಸಹಾಯಕರು ಕೂತು, ಬಾಯಲ್ಲಿ ತುಂಬುವ ನೀರನ್ನು ನಳಿಕೆಯಿಂದ ಎಳೆಯುತ್ತ, ಬೇಕಾದ ಉಪಕರಣವನ್ನು ಡಾಕ್ಟರ ಕೈಗೆ ಕೊಡುತ್ತಿರಬೇಕು. ಸಹಾಯಕರ ಸ್ಟೂಲು ಮಾತ್ರ ಡಾಕ್ಟರ ಸ್ಟೂಲಿಗಿಂತ ತುಸು ಎತ್ತರವಿರಬೇಕು. ಇಲ್ಲವಾದರೆ ಡಾಕ್ಟರ ಕೈ ಅಡ್ಡ ಬಂದು ಅವರಿಗೆ ಬಾಯೊಳಗೆ ಕಾಣುವುದಿಲ್ಲ. ಎಲ್ಲವನ್ನೂ ತಲೆಯಾಡಿಸಿ ಕೇಳಿಕೊಂಡು ಬಂದೆ. ನಮ್ಮ ದವಾಖಾನೆಯಲ್ಲಿ ಈ ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟದ್ದಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ನನ್ನ ಜೊತೆ ಇದ್ದವರು ಇಬ್ಬರು. ಒಬ್ಬರು ಅರವತ್ತರ ಹತ್ತಿರದ ಹಿರಿಯರು, ಮರೋಳದ ಕಡೆಯವರು. ಮನೆಯವರೆಲ್ಲ ಕುರಿ ಸಾಕುತ್ತ, ಹೊಲ ಮಾಡುತ್ತ ಇದ್ದರೆ ಇವರೊಬ್ಬರು ಹುನಗುಂದದ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರಾಗಿ ಸೇರಿದ್ದರು. ಆ ಡಾಕ್ಟರು ವಯಸ್ಸಾಗಿ ದವಾಖಾನೆ ಮುಚ್ಚಿದ ಮೇಲೆ ನನ್ನಲ್ಲಿಗೆ ಬಂದರು. ಅವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಇನ್ನೊಬ್ಬಳು ನೇಕಾರರ ಮನೆಯ ಸೊಸೆ, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಬೆಳಿಗ್ಗೆ ಮನೆಯಲ್ಲಿ ಮಗ್ಗಕ್ಕೆ ಬೇಕಾದ ನೂಲು ಸುತ್ತಿಕೊಟ್ಟು ದವಾಖಾನೆಗೆ ಬರುತ್ತಿದ್ದಳು. ಚೀಟಿ ಬರೆಯುವುದು, ಉಪಕರಣ ತೊಳೆದು ಕುದಿಸುವುದು ಅವಳ ಕೆಲಸ.

ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಸ್ಟೂಲು ಮಾಡಿಸಿದೆ. ಎತ್ತರದ ಸ್ಟೂಲಿಗೆ ಏರಿಸಿ ಇಳಿಸಲು ಒಂದು ತಿರುಪೂ ಕಾಲಿಡಲು ಒಂದು ಕಬ್ಬಿಣದ ಬಳೆಯೂ ಇದ್ದವು. ಭಾನುವಾರ ದವಾಖಾನೆಗೆ ರಜೆ. ಅಂದು ಇಬ್ಬರನ್ನೂ ಕರೆಸಿ ಎಲ್ಲವನ್ನೂ ವಿವರಿಸಿದೆ. ಕುರ್ಚಿಯ ಮೇಲೆ ಒಂದು ದಿಂಬು ಇಟ್ಟು, ಅದೇ ಪೇಷಂಟಿನ ತಲೆ ಅಂದುಕೊಂಡು ಸ್ಟೂಲಿನ ಮೇಲೆ ಕೂತೆ.

“ಕಾಕಾ, ನೀವು ಅಲ್ಲಿ ಕುಂದರ್ರಿ,” ಅಂದೆ.

ಅವರು ಸ್ಟೂಲನ್ನು ನೋಡಿದರು, ನನ್ನನ್ನು ನೋಡಿದರು. “ನಾ ನಿಂತ ಹಿಡಿತೇನ್ರಿ ಅವ್ವಾರ.”

“ನಿಂತ್ರ ನಿಮ್ಮ ಕೈ ನನಗ ಅಡ್ಡ ಬರತಾವ್ರಿ.”

“ಇಷ್ಟು ವರ್ಷ ಡಾಕ್ಟರ ಮುಂದ ಕುಂತವಲ್ರಿ ನಾ. ಈಗ ನೀವು ಕೆಳಗ, ನಾ ಮ್ಯಾಲ. ಮಂದಿ ನೋಡಿದ್ರ ಏನ್ ಅಂದಾರು?”

ಎಷ್ಟು ಹೇಳಿದರೂ ಅವರು ಕೂರಲಿಲ್ಲ. ನಳಿಕೆ ಹಿಡಿದು ನಿಂತೇ ಬಗ್ಗಿದರು. ಅವರ ತಲೆಗೆ ನನ್ನ ತಲೆ ಡಿಕ್ಕಿ ಹೊಡೆಯಿತು. ನೇಕಾರರ ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಅವಳೇನೋ ಕೂರಲು ತಯಾರಿದ್ದಳು, ಆದರೆ ತನ್ನ ಸ್ಟೂಲನ್ನು ನನ್ನದರ ಮಟ್ಟಕ್ಕೆ ಇಳಿಸಿಕೊಂಡೇ ಕೂತಳು. “ಇಷ್ಟ ಸಾಕ್ರಿ ಅಕ್ಕಾರ,” ಅಂದಳು.

ಆ ವಾರ ಹೊಸ ಪದ್ಧತಿ ಪೇಷಂಟುಗಳ ಕೈಯಲ್ಲೂ ಸೋತಿತು. ಕಮತಗಿಯಿಂದ ಬಂದಿದ್ದ ಒಬ್ಬ ಅಜ್ಜಿಗೆ ದವಡೆಯ ಹಲ್ಲು ತೂತಾಗಿತ್ತು, ಆದರೆ ಉಳಿಸಿಕೊಳ್ಳುವಂತಿತ್ತು. ಕುರ್ಚಿಯ ಬೆನ್ನು ಹಿಂದಕ್ಕೆ ಇಳಿಯುತ್ತಲೇ ಅಜ್ಜಿ ಎರಡೂ ಕೈಯಿಂದ ಹಿಡಿಕೆ ಹಿಡಿದು ಎದ್ದು ಕೂತರು.

“ಹಲ್ಲ ತೋರಸಾಕ ಬಂದೇನಿ, ಮಲಗಾಕ ಬಂದಿಲ್ಲ,” ಅಂದರು. “ಗಂಡಸೂರು ಅಡ್ಡಾಡೂ ಜಾಗಾದಾಗ ಹಿಂಗ ಮಲಗಂತೀರಲ್ಲ ನೀವು.”

ನೋವಿನ ಗುಳಿಗೆ ಬರೆಸಿಕೊಂಡು ಹೋಗಿಬಿಟ್ಟರು. ಆ ದಿನ ಉಳಿದವರಿಗೆಲ್ಲ ಹಳೆಯ ಹಾಗೆ ನಿಂತೇ ಕೆಲಸ ಮಾಡಿದೆ. ಬಾಗಲಕೋಟೆಯ ಮಾತು ಬಾಗಲಕೋಟೆಗೇ ಸರಿ, ಇಲ್ಲಿ ನಡೆಯುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಬೆನ್ನು ಕೇಳಬೇಕಲ್ಲ.

ಮುಂದಿನ ಭಾನುವಾರ ದಿಂಬು ಬಿಟ್ಟು ಕಾಕಾನನ್ನೇ ಮಲಗಲು ಕೇಳಿದೆ. ಅವರ ಹಲ್ಲಿನ ಮೇಲೆ ಎಲೆ ಅಡಿಕೆಯ ಕರೆ ದಪ್ಪಗೆ ಕೂತಿತ್ತು. ಅದನ್ನು ತೆಗೆಯುತ್ತ ಅಭ್ಯಾಸವನ್ನೂ ಮಾಡೋಣ ಎಂದೆ. ಡಾಕ್ಟರ ಮುಂದೆ ಕೂರಲು ಒಪ್ಪದವರು ಮಲಗಲು ಒಪ್ಪಿದರು. ಪೇಷಂಟು ಮಲಗುವುದರಲ್ಲಿ ಮರ್ಯಾದೆಯ ಪ್ರಶ್ನೆ ಇರಲಿಲ್ಲ ಅಂತ ಕಾಣುತ್ತದೆ. ನಾನು ಕೆಲಸ ಶುರುಮಾಡಿದೆ. ಸೊಸೆ ಅದೇ ತಗ್ಗಿನ ಸ್ಟೂಲಿನಲ್ಲಿ ಕೂತು ನಳಿಕೆ ಹಿಡಿದಳು. ಸ್ವಲ್ಪ ಹೊತ್ತಿಗೇ ಕಾಕಾನ ಗಂಟಲಿಗೆ ನೀರು ಇಳಿದು, ಅವರು ಕೆಮ್ಮುತ್ತ ಕೈಯೆತ್ತಿದರು. ಎದ್ದು ಉಗುಳಿ, ಸುಧಾರಿಸಿಕೊಂಡು ಅವಳ ಕಡೆ ತಿರುಗಿದರು.

“ತಂಗೀ, ನೀರು ಒಂದ ಕಡೆ ನಿಂತೈತಿ, ನೀ ಇನ್ನೊಂದ ಕಡೆ ಎಳೀತಿ. ಅಲ್ಲಿಂದ ನಿನಗ ಕಾಣ್ವಲ್ದು. ಮ್ಯಾಲೇರಿ ಕುಂದ್ರು.”

“ಅಕ್ಕಾರಿಗಿಂತ ಮ್ಯಾಲ ಏನ್ರಿ ಕಾಕಾ?”

“ಹೂಂ ಮತ್ತ.”

“ನಿಮಗೊಂದು ನ್ಯಾಯ, ನನಗೊಂದು ನ್ಯಾಯ ಏನ್ರಿ?”

ಕಾಕಾ ಬಾಯಿ ಒರೆಸಿಕೊಂಡರು. ಆಮೇಲೆ ನಗು ತಡೆಯಲಾಗದೆ ಹೆಗಲು ಕುಣಿಯಿತು. ಅವಳು ಸ್ಟೂಲು ಏರಿಸಿಕೊಂಡು ಕೂತಳು. ಈ ಸಲ ಅವರು ಒಮ್ಮೆಯೂ ಕೆಮ್ಮಲಿಲ್ಲ. ನಾನೂ ಒಮ್ಮೆಯೂ ಬಗ್ಗಲಿಲ್ಲ.

ಕೆಲಸ ಮುಗಿದ ಮೇಲೆ ಮೂವರೂ ಚಹಾ ಕುಡಿಯುತ್ತ ಅಲ್ಲೇ ಕೂತೆವು. ಅಂದರೆ ನಾವಿಬ್ಬರು ಕೂತೆವು, ಕಾಕಾ ಎಂದಿನಂತೆ ಬಾಗಿಲಿಗೆ ಆತುಕೊಂಡು ನಿಂತರು. ಆದರೆ ಮಾತು ಅವರೇ ತೆಗೆದರು. “ಕುರ್ಚಿ ಒಮ್ಮಿಗೇ ಕೆಳಗ ಹೋದ್ರ ಎದಿ ಧಸಕ್ ಅಂತೈತ್ರಿ ಅವ್ವಾರ. ಮೊದಲ ಬಾಯಿ ಬಿಟ್ಟು ಹೇಳೂಣ್ರಿ, ಆಮ್ಯಾಲ ಸಾವಕಾಶ ಇಳಿಸೂಣು.”

ಸೊಸೆ ಅದಕ್ಕೆ ತನ್ನದೊಂದು ಸೇರಿಸಿದಳು. “ಹೆಣ್ಮಕ್ಕಳಿಗೆ ಸೀರಿ ಸರದೀತು ಅನ್ನೂದ ಅಂಜಿಕಿರಿ. ಕಾಲ ಮ್ಯಾಲ ಒಂದು ಚಾದರ ಹೊಚ್ಚಿದ್ರ ಸಾಕು. ಬಾಗಲಕ್ಕ ಒಂದು ಪರದೆ ಕಟ್ಟೂಣ್ರಿ.”

ಇದ್ಯಾವುದನ್ನೂ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಮರುದಿನವೇ ಪರದೆ ಬಂತು. ತೊಳೆದ ಚಾದರಗಳು ಕಪಾಟಿನಲ್ಲಿ ಮಡಚಿ ಕೂತವು.

ಕಾಕಾ ಯಾವಾಗ ಕೂರುತ್ತಾರೆ ಎಂದು ನಾನು ಕೇಳಲು ಹೋಗಲಿಲ್ಲ. ಆ ವಾರ ಒಂದು ಮಧ್ಯಾಹ್ನ ಸೊಸೆ ಮಗುವಿನ ಶಾಲೆಗೆ ಹೋಗಬೇಕಾಗಿ ಬಂತು. ಕುರ್ಚಿಯಲ್ಲಿ ಒಬ್ಬ ಮಾಸ್ತರು ಮಲಗಿದ್ದರು. ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ. ಕಾಕಾ ತಲೆಯ ಮೇಲಿನ ಟೋಪಿ ತೆಗೆದಿಟ್ಟು, ಕೈ ತೊಳೆದು ಬಂದು, ಎತ್ತರದ ಸ್ಟೂಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದರ ತುದಿಯಲ್ಲಿ ಕೂತರು. “ಸರಿ ಕುಂದರ್ರಿ ಕಾಕಾ, ಬಿದ್ದೀರಿ,” ಅಂದೆ. ಸರಿಯಾಗಿ ಕೂತರು. ಮಾಸ್ತರು ಮಲಗಿದಲ್ಲಿಂದಲೇ ನಮ್ಮಿಬ್ಬರನ್ನೂ ನೋಡಿ ಬಾಯಿ ತೆರೆದರು. ಅವರಿಗೆ ಹಲ್ಲಿನದೇ ಚಿಂತೆ.

ಕಮತಗಿಯ ಅಜ್ಜಿ ಗುಳಿಗೆ ಮುಗಿದ ಮೇಲೆ ಮತ್ತೆ ಬಂದರು. ಸೊಸೆ ಅವರ ಕೈ ಹಿಡಿದು ಕೂರಿಸಿ, ಪರದೆ ಎಳೆದು, ಚಾದರ ಹೊದಿಸಿದಳು. “ಈಗ ಸ್ವಲ್ಪ ಹಿಂದ ಹೋಗತೈತ್ರಿ ಅಜ್ಜಿ, ನಾ ಇಲ್ಲೇ ಅದೇನಿ,” ಎನ್ನುತ್ತ ಕುರ್ಚಿಯನ್ನು ಮೆಲ್ಲಗೆ ಇಳಿಸಿದಳು. ಅಜ್ಜಿ ಒಂದಿಷ್ಟು ಹೊತ್ತು ಛಾವಣಿ ನೋಡಿದರು, ಆಮೇಲೆ ಬಾಯಿ ತೆರೆದರು. ಹಲ್ಲು ಉಳಿಯಿತು. ಎದ್ದು ಹೋಗುವಾಗ, “ಮಲಗಿದ್ದಕ್ಕ ನಿದ್ದಿ ಬಂದಂಗಾತು ನೋಡವ್ವಾ,” ಅಂದರು. ಮುಂದಿನ ತಿಂಗಳು ಓಣಿಯ ಇಬ್ಬರನ್ನು ಕರೆದುಕೊಂಡೂ ಬಂದರು.

ಉಪಕರಣ ಕೊಡುವ ಕೈ, ತೆಗೆದುಕೊಳ್ಳುವ ಕೈ ಹೊಂದಿಕೊಳ್ಳಲು ಇನ್ನೂ ಕೆಲವು ತಿಂಗಳು ಹಿಡಿಯಿತು. ನಡುವೆ ಉಪಕರಣಗಳು ಬಿದ್ದವು, ಬಗ್ಗಿದವು, ಒಮ್ಮೊಮ್ಮೆ ನಾನು ಸಿಡುಕಿದೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಬಾಯಿಬಿಟ್ಟು ಕೇಳುವುದು ನಿಂತಿತ್ತು. ಕೈ ಚಾಚಿದರೆ ಬೇಕಾದದ್ದು ಬಂದು ಕೂರುತ್ತಿತ್ತು. ಮನೆಯಲ್ಲಿ ಮತ್ತೆ ಕೆಳಗೆ ಕೂತು ರೊಟ್ಟಿ ಬಡಿಯತೊಡಗಿದೆ.

ಬಾದಾಮಿಯಲ್ಲಿ ದವಾಖಾನೆ ಇಟ್ಟಿದ್ದ ನನ್ನ ಸಹಪಾಠಿಯೊಬ್ಬಳು ಇದನ್ನು ನೋಡಿ, ತನ್ನವರಿಗೂ ಕಲಿಸಿ ಎಂದು ಕರೆದಳು. ಒಂದು ಭಾನುವಾರ ಮೂವರೂ ಬಸ್ಸಿನಲ್ಲಿ ಹೋದೆವು. ಅವಳ ಹತ್ತಿರ ಕುಳಗೇರಿ ಕ್ರಾಸಿನಿಂದ ಬರುತ್ತಿದ್ದ ಒಬ್ಬ ಸಹಾಯಕಿ ಇದ್ದಳು. ಆಕೆಗೆ ಕಾಕಾ ಒಂದು ಮಧ್ಯಾಹ್ನವಿಡೀ ನಳಿಕೆ ಹಿಡಿಯುವುದು ಹೇಗೆ, ಕೈ ಎಲ್ಲಿ ಊರಬೇಕು ಎಂದು ತೋರಿಸಿದರು. ನಾನೂ ಸಹಪಾಠಿಯೂ ಪಕ್ಕಕ್ಕೆ ನಿಂತು ನೋಡಿದೆವು.

ವಾಪಸು ಬರುವಾಗ ಸೊಸೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. “ಬಾಗಲಕೋಟ್ಯಾಗ ಹಲ್ಲಿನ ಎಕ್ಸ್‌ರೇ ಕಲಸ್ತಾರಂತಲ್ರಿ ಅಕ್ಕಾರ. ನಮ್ಮಂಥವರು ಹೋಗಾಕ ಬರತೈತೇನ್ರಿ?”

“ವಿಚಾರಿಸ್ತೇನಿ,” ಅಂದೆ.

“ಹೋಗಿ ಬಾ,” ಅಂದರು ಕಾಕಾ. “ಕಲತ ಬಂದು ನಮಗೂ ಹೇಳು.”

ಅವಳು ಹೋದಳು. ಊಟದ ಡಬ್ಬಿ ಕಟ್ಟಿಕೊಂಡು, ಒಬ್ಬಳೇ, ಬೆಳಗಿನ ಬಸ್ಸಿಗೆ. ಬಂದ ಮೇಲೆ ಒಂದು ಭಾನುವಾರ ನಮ್ಮಿಬ್ಬರನ್ನೂ ದವಾಖಾನೆಗೆ ಕರೆಸಿ, ಎದುರಿಗೆ ನಿಂತು ಪಾಠ ಶುರುಮಾಡಿದಳು.