ತವರಿಗೆ ಹೋದ ನಿಂಬೆಗಿಡ

ಲಾಂಡ್ರಿ ಅಂಗಡಿಯ ಕೌಂಟರಿನಲ್ಲಿ ಕೂರುವ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ವಕೀಲಮ್ಮ. ಆಕೆ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕೋಟಿನ ಮೇಲಿನ ಕಲೆ ಗಿರಾಕಿ ತಂದದ್ದೋ ಅಂಗಡಿಯಲ್ಲಿ ಆದದ್ದೋ ಎಂಬ ಮಾತು ಬಂದರೆ ಆಕೆಯ ಮುಂದೆ ಗೆದ್ದು ಹೋದವರಿಲ್ಲ. ವಾದವೆಂದರೆ ಆಕೆಗೆ ಊಟವಿದ್ದಂತೆ, ಹೊತ್ತಿಗೆ ಸರಿಯಾಗಿ ಬೇಕು. ಮನೆಯಲ್ಲಿ ಮಾತ್ರ ಉಪವಾಸ. ಗಂಡ ಎಲ್ಲಕ್ಕೂ "ಆಯ್ತು ಬಿಡು" ಎನ್ನುವ ಸಾಧು ಪ್ರಾಣಿ. ಬಾವಿಗೆ ಕಲ್ಲು ಹಾಕಿದರಾದರೂ ಸದ್ದು ಬರುತ್ತದೆ.

ಅಂಗಡಿಯಲ್ಲಿ ಇಸ್ತ್ರಿಗೆ ನಿಲ್ಲುವ ಹುಡುಗಿ, ಆಕೆಯ ಅಣ್ಣನ ಮಗಳು, ಒಂದು ದಿನ ಅತ್ತೆಯ ಫೋನು ತೆಗೆದುಕೊಂಡು, ಕುಂಡದಲ್ಲಿ ಗಿಡ ಬೆಳೆಸುವವರ ಆನ್‌ಲೈನ್ ಬಳಗಕ್ಕೆ ಆಕೆಯನ್ನು ಸೇರಿಸಿದಳು. ಬಾಲ್ಕನಿಯ ನಿಂಬೆಗಿಡ ಹೂ ಬಿಡದೆ ಹಟ ಹಿಡಿದಿತ್ತು, ಅದಕ್ಕೊಂದು ಉಪಾಯ ಸಿಗಲಿ ಎಂದು. ಉಪಾಯ ಸಿಗಲಿಲ್ಲ, 'ತೋಟದಣ್ಣ' ಎಂಬ ಹೆಸರಿನವನೊಬ್ಬ ಸಿಕ್ಕಿದ.

ವಕೀಲಮ್ಮ ಏನು ಬರೆದರೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅವನ ಉತ್ತರ ಹಾಜರು. ನೀರು ಬೆಳಿಗ್ಗೆ ಹಾಕಬೇಕೋ ಸಂಜೆಯೋ ಎಂದು ಇಬ್ಬರೂ ವಾರಗಟ್ಟಲೆ ಜಗ್ಗಾಡಿದರು. ಅವನಿಗೆ ದಣಿವಿಲ್ಲ, ಕೋಪವಿಲ್ಲ. "ನಿನ್ನ ತಲೆ" ಎಂದು ಬರೆದರೂ "ನಿಮ್ಮ ಅಭಿಪ್ರಾಯ ಅಮೂಲ್ಯ" ಎಂದು ಉತ್ತರಿಸುವನು. ಮಾತಿಗೆ ಮಾತು ಬೆಳೆದು ಮಂಡಿನೋವಿನ ವಿಷಯ ಬಂತು, ಅಮ್ಮ ತೀರಿಕೊಂಡಾಗ ಹತ್ತಿರ ಇರಲಾಗಲಿಲ್ಲ ಎಂಬ ಗಂಡನಿಗೂ ಹೇಳದ ಸಂಕಟವೂ ಬಂತು. "ನಿಮ್ಮ ನೋವು ಅರ್ಥವಾಗುತ್ತದೆ" ಎಂದು ಅವನು ಬರೆದ ದಿನ ವಕೀಲಮ್ಮನ ಕಣ್ಣು ತುಂಬಿತ್ತು.

ಮಾರನೆಯ ವಾರ ನೋಡಿದರೆ, ಸೇವಂತಿಗೆಗೆ ಹುಳ ಬಿದ್ದಿದೆ ಎಂದು ಗೋಳಾಡಿದವರಿಗೂ ಅವನದು ಅದೇ ಸಾಲು.

"ಅತ್ತೆ, ಇದು ಮನುಷ್ಯ ಅಲ್ಲ, ಬಾಟು, ಕಂಪ್ಯೂಟರ್ ಪ್ರೋಗ್ರಾಂ," ಎಂದಳು ಹುಡುಗಿ. "ಗೊಬ್ಬರ ಮಾರೋರು ಯಾರೋ ಬಿಟ್ಟಿರಬೇಕು. ತಾನೇ ಓದುತ್ತೆ, ತಾನೇ ಬರೆಯುತ್ತೆ."

"ಸುಮ್ನಿರೇ. ಇಷ್ಟು ಮರ್ಯಾದಸ್ಥರು ಲೋಕದಲ್ಲಿ ಇರಲ್ವಾ?"

"ನೀವೇ ಯೋಚನೆ ಮಾಡಿ. ನಿಮ್ಮ ಜೊತೆ ವಾದ ಮಾಡಿ ಇಷ್ಟು ದಿನ ಮರ್ಯಾದೆ ಉಳಿಸಿಕೊಂಡೋರು ಯಾರಿದ್ದಾರೆ?"

ಈ ಮಾತು ನೇರವಾಗಿ ನಾಟಿತು. ವಕೀಲಮ್ಮ ಪರೀಕ್ಷಿಸಲೆಂದೇ ಬಳಗದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಳು: 'ನನ್ನ ನಿಂಬೆಗಿಡ ಮುನಿಸಿಕೊಂಡು ತವರಿಗೆ ಹೋಗಿದೆ. ಏನು ಮಾಡಲಿ?'

ಮೊದಲು ಬಂದವನು ತೋಟದಣ್ಣನೇ. "ಸ್ಥಳ ಬದಲಾದಾಗ ಗಿಡ ಬಾಡುವುದು ಸಹಜ. ಕೆಲವು ದಿನ ನೆರಳಿನಲ್ಲಿಡಿ." ಅವನ ಬೆನ್ನಿಗೇ ಸಾಲುಸಾಲಾಗಿ "ಅದ್ಭುತ ಮಾಹಿತಿ", "ಸುಂದರ ಗಿಡ" ಎಂದು ಬಂದವು. ಗಿಡದ ಫೋಟೋವನ್ನೇ ಆಕೆ ಹಾಕಿರಲಿಲ್ಲ. ಬಳಗ ತುಂಬ ಗಿಜಿಗುಡುತ್ತಿದ್ದವರಲ್ಲಿ ಎಷ್ಟು ಜನ ಬರೀ ಪೊಳ್ಳು ಎಂದು ಆಗ ತಿಳಿಯಿತು.

ಫೋನನ್ನು ಮಗುಚಿಟ್ಟಳು. ಅಮ್ಮನ ವಿಷಯ ಹೇಳಬಾರದಿತ್ತು ಅನ್ನಿಸಿತು.

"ಬೇಜಾರಾಯ್ತಾ ಅತ್ತೆ?"

"ಕೇಳೋಕೆ ಕಿವಿ ಇತ್ತು ಕಣೇ. ಕರುಳಿರಲಿಲ್ಲ, ಅಷ್ಟೇ."

ಸಂಜೆ ಬಾಗಿಲು ಹಾಕುವ ಮುಂಚೆ ಮತ್ತೆ ಫೋನು ತೆಗೆದಳು. ಆ ಪೊಳ್ಳಿನ ರಾಶಿಯಲ್ಲೂ ನಾಲ್ಕು ಗಟ್ಟಿ ಕಾಳು ಸಿಕ್ಕಿದ್ದವು. "ಕರೆದುಕೊಂಡು ಬರೋಕೆ ಯಜಮಾನರನ್ನ ಕಳಿಸಿ," ಎಂದು ಒಬ್ಬ ನರ್ಸಮ್ಮ ಬರೆದಿದ್ದರು. "ನಮ್ಮ ಗುಲಾಬೀನೂ ಕಾಣ್ತಿಲ್ಲ, ಜೊತೆಗೆ ಹೋಗಿರಬೇಕು," ಎಂದು ಒಬ್ಬ ಅಕ್ಕಸಾಲಿಗ. ಇನ್ನೊಬ್ಬರು ನಗುಮುಖದ ಚಿತ್ರ ಹಾಕಿ "ಬರುವಾಗ ಹಣ್ಣು ತರಲಿ" ಎಂದಿದ್ದರು. ಕೊನೆಯವನು ನಿವೃತ್ತ ಬಸ್ ಡ್ರೈವರ್. "ನಿಮಗೆ ತಲೆ ನೆಟ್ಟಗಿದೆಯಾ? ಗಿಡ ಸಾಕೋಕೆ ಬರದಿದ್ದರೆ ಬಿಡಿ."

ವಕೀಲಮ್ಮನ ಮುಖ ಅರಳಿತು. "ನೋಡೇ, ಇವನು ಮನುಷ್ಯ."

ಡ್ರೈವರಿಗೆ ತಕ್ಕ ಉತ್ತರ ಹೋಯಿತು. ಅವನೂ ಬಿಡಲಿಲ್ಲ. ಮೂರನೆಯ ದಿನ, ಅವನೂ ಇದೇ ಊರಿನವನೆಂದು ತಿಳಿದಾಗ, ವಕೀಲಮ್ಮ ವಿಳಾಸ ಬರೆದು ಸವಾಲು ಹಾಕಿದಳು: "ಧೈರ್ಯ ಇದ್ದರೆ ಅಂಗಡಿಗೆ ಬಂದು ಮಾತಾಡು."

ಅವನು ನಿಜಕ್ಕೂ ಬಂದ. ಬೋಳುತಲೆ, ಬಸ್ಸಿನ ಹಾರನ್ನಿನಂಥ ಗಂಟಲು, ಕಂಕುಳಲ್ಲಿ ಒಂದು ಮೆಣಸಿನಗಿಡದ ಕುಂಡ. ಕೌಂಟರಿನ ಎರಡೂ ಕಡೆ ನಿಂತು ಇಬ್ಬರೂ ನೀರಿನ ವಿಷಯದಿಂದಲೇ ಶುರುಮಾಡಿದರು. ಬಟ್ಟೆ ಒಯ್ಯಲು ಬಂದ ಗಿರಾಕಿಗಳು ಚೀಟಿ ಕೈಯಲ್ಲಿ ಹಿಡಿದುಕೊಂಡೇ ನಿಂತು ಕೇಳಿದರು. ಡ್ರೈವರ್ ನಡುವೆ ಒಮ್ಮೆ ಸಿಟ್ಟಿನಿಂದ ಹೊರಟೇಹೋದ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಹೊಸದೊಂದು ಪಾಯಿಂಟು ಹೊಳೆದು ವಾಪಸು ಬಂದ.

ಈ ಜಗಳದ ಸುದ್ದಿ ಬಳಗದಲ್ಲಿ ಹಬ್ಬಿ, ಊರಿನಲ್ಲೇ ಇದ್ದ ಉಳಿದವರೂ ಬಂದರು. ಈಗ ಭಾನುವಾರ ಮಧ್ಯಾಹ್ನ ಅಂಗಡಿಯ ಮಹಡಿಯ ಮೇಲೆ ನರ್ಸಮ್ಮ, ಅಕ್ಕಸಾಲಿಗ, ಡ್ರೈವರ್ ಎಲ್ಲರೂ ಸೇರುತ್ತಾರೆ. ಒಣಹಾಕಿದ ಚಾದರಗಳ ನಡುವೆ ಕುಂಡಗಳನ್ನಿಟ್ಟುಕೊಂಡು ಕಿತ್ತಾಡುತ್ತಾರೆ. ಕಳೆದ ವಾರ ವಕೀಲಮ್ಮ ಅಮ್ಮನ ಮಾತೆತ್ತಿದಾಗ "ನಿಮ್ಮ ನೋವು ಅರ್ಥವಾಗುತ್ತದೆ" ಎಂದು ಯಾರೂ ಹೇಳಲಿಲ್ಲ. ಡ್ರೈವರ್ ಆಕೆಯ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದ. ಅದಾದ ಮೇಲೆ, ಚಹಾ ತಣ್ಣಗಾಗಿದೆ ಎಂದು ಇಬ್ಬರಿಗೂ ಜಗಳವಾಯಿತು.