ಜಡೆ ಹಾಕಿದ್ದ ಹಸು

ಭೀಮಸೇನನ ಹಿತ್ತಲಲ್ಲಿದ್ದದ್ದು ಟ್ಯಾಂಕ್ ಅಲ್ಲ. ಪರದೇಶದ ಈ ಹ್ಯಾಮಿಲ್ಟನ್ನಿನ ಕನ್ನಡದವರಿಗೆ ಇದನ್ನು ಹೇಳಿ ಹೇಳಿ ಅವನ ಬಾಯಿ ಸೋತದ್ದಿರಲಿ, ನನ್ನ ಬಾಯಿಯೂ ಸೋತಿದೆ. ಅದು ಯುದ್ಧಕಾಲದ ಸಣ್ಣದೊಂದು ಉಕ್ಕಿನ ಗಾಡಿ. ಮೇಲೆ ಮುಚ್ಚಳವಿಲ್ಲ, ತೋಪಿಲ್ಲ. ಯುದ್ಧ ಮುಗಿದ ಮೇಲೆ ಇಲ್ಲಿನ ರೈತರು ಇಂಥವನ್ನು ಕೊಂಡು ಪೊದೆ ಸವರಲು, ಮರದ ದಿಮ್ಮಿ ಎಳೆಯಲು ಬಳಸಿಕೊಂಡರು. ಎಂಜಿನ್ ಕೆಟ್ಟ ಮೇಲೆ ಕೊರಕಲಿಗೆ ತಳ್ಳಿದರು. ಹಾಗೆ ಬಿದ್ದಿದ್ದ ಒಂದು ಗಾಡಿಯ ಬರೀ ಒಡಲು, ಚಕ್ರವಿಲ್ಲ ಎಂಜಿನ್ ಇಲ್ಲ, ಮೈಯೆಲ್ಲ ತುಕ್ಕು, ಅವನ ಮನೆಗೆ ಬಂತು.

ಅವನೂ ನಾನೂ ಹುಬ್ಬಳ್ಳಿಯ ಒಂದೇ ಕಾಲೇಜಿನವರು, ಇಲ್ಲಿ ಪಕ್ಕದ ಬೀದಿಯವರು. ಅವನದು ಫಾರ್ಮುಗಳಲ್ಲಿ ಹಾಲು ಕರೆಯುವ ಯಂತ್ರ ರಿಪೇರಿ ಮಾಡುವ ಕೆಲಸ. ಎಂಬತ್ತು ದಾಟಿದ ಜಾಯ್ಸ್ ಎಂಬ ಅಜ್ಜಿಯ ಫಾರ್ಮಿಗೆ ಹೋದಾಗ ಈ ಒಡಲು ಕಂಡು ಕೇಳಿದ. ಸುಮ್ಮನೆ ಒಯ್ಯಿ ಎಂದರು. ಬೇಡಿದ್ದು ಒಂದೇ. ಅವರು ಚಿಕ್ಕವರಿದ್ದಾಗ ಅಣ್ಣ ಆಲನ್ ಕೊಟ್ಟಿಗೆಗೆ ಬಳಿದು ಉಳಿದ ಬಣ್ಣದಲ್ಲಿ ಅದರ ಒಳಗೋಡೆಗೆ ಒಂದು ಹಸು ಬರೆದಿದ್ದನಂತೆ. ಹಸುವಿಗೆ ಐದು ಕಾಲು. ತಂಗಿಯನ್ನು ರೇಗಿಸಲು ತಲೆಗೆ ತಂಗಿಯದೇ ಎರಡು ಜಡೆ. ಆ ಬೇಸಿಗೆಯಲ್ಲೇ ಆಲನ್ ಹೊಳೆಯಲ್ಲಿ ಮುಳುಗಿ ಸತ್ತ. ಆಮೇಲೆ ಅಪ್ಪ ತುಕ್ಕು ಹಿಡಿಯದಿರಲೆಂದು ಒಳಗೆಲ್ಲ ಡಾಂಬರು ಬಳಿದುಬಿಟ್ಟರು. ಐದು ಕಾಲಿತ್ತು, ಜಡೆಯಿತ್ತು ಎಂದರೆ ಜಾಯ್ಸ್ ಅವರ ಮಕ್ಕಳೇ ನಂಬುತ್ತಿರಲಿಲ್ಲ. ಡಾಂಬರಿನ ಅಡಿಯಲ್ಲಿ ಅದು ಇನ್ನೂ ಇದ್ದರೆ ಒಂದು ಸಲ ತೋರಿಸು ಎಂದಿದ್ದರು.

ಒಂದು ಚಳಿಗಾಲವಿಡೀ ಅವನು ಆ ಒಡಲೊಳಗೆ ಮಂಡಿಯೂರಿ ಕೂತದ್ದನ್ನು ನಾನು ಕಂಡಿದ್ದೇನೆ. ಡಾಂಬರಿಗೆ ಸ್ವಲ್ಪವೇ ಬಿಸಿಗಾಳಿ ತಾಗಿಸಿ, ಮೆತ್ತಗಾದಷ್ಟನ್ನು ಮರದ ಚಕ್ಕೆಯಿಂದ ಎತ್ತಬೇಕು. ಕಬ್ಬಿಣ ಮುಟ್ಟಿಸುವಂತಿಲ್ಲ, ಅವಸರ ಮಾಡುವಂತಿಲ್ಲ. ಮೊದಲು ಬಾಲ ಬಂತು. ಆಮೇಲೆ ಕಾಲು ಬಂದವು. ಐದು! ಅಂದು ಅವನು ಫೋಟೋ ತೆಗೆದ, ನನಗೂ ಫೋನ್ ಮಾಡಿ ಕರೆಸಿ ತೋರಿಸಿದ. ಜಾಯ್ಸ್ ಅವರಿಗೆ ಮಾತ್ರ ಹೇಳಲಿಲ್ಲ. ತಲೆಯೂ ಬರಲಿ, ಪೂರ್ತಿ ತೋರಿಸುತ್ತೇನೆ ಎಂದ. ಅಷ್ಟರಲ್ಲಿ ಗದಗಿನಲ್ಲಿ ಅವನ ಅಣ್ಣನಿಗೆ ಆಪರೇಷನ್ ಎಂದು ಹೊರಡಬೇಕಾಯಿತು. ಆಯುಧಪೂಜೆಗೆ ಮನೆಗೆ ಬನ್ನಿ ಎಂದು ಜಾಯ್ಸ್ ಅವರಿಗೆ ಹೇಳಿ ಹೋದ.

ಇನ್ನು ಗುರುದತ್. ನಮ್ಮ ಕನ್ನಡ ಬಳಗದ ಅಧ್ಯಕ್ಷ. ನನಗೆ ಅವನೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರೂ ಕೇಳದ ಉಪಕಾರವನ್ನು ಹುಡುಕಿಕೊಂಡು ಹೋಗಿ ಮಾಡುವ ಜಾತಿ. ಬಳಗದ ಆಯುಧಪೂಜೆ ಪ್ರತಿವರ್ಷ ಭೀಮಸೇನನ ಮನೆಯಂಗಳದಲ್ಲೇ. ಎಲ್ಲರೂ ಕಾರು ತೊಳೆದು ತಂದು ಸಾಲಾಗಿ ನಿಲ್ಲಿಸುತ್ತಾರೆ. ಈ ಸಲ ಮುಂದೆ ಟ್ಯಾಂಕ್ ಇರಬೇಕು, ಭೀಮಣ್ಣನಿಗೆ ಸರ್‌ಪ್ರೈಸ್ ಕೊಡಬೇಕು ಎಂದು ಇವನಿಗೆ ಹೊಳೆಯಿತು. ಭೀಮಸೇನನ ಹೆಂಡತಿ ವಸುಂಧರಾ, ಅವರನ್ನು ಕೇಳದೆ ಮುಟ್ಟಬೇಡಿ ಎಂದು ಸ್ಪಷ್ಟವಾಗಿ ಹೇಳಿದಳು. ಅವಳು ಆಸ್ಪತ್ರೆಯ ಡ್ಯೂಟಿಗೆ ಹೋದದ್ದು ನೋಡಿಕೊಂಡು, ತುಕ್ಕು ಕಿತ್ತು ತೆಗೆಯಲು ಮರಳು ಊದುವ ಯಂತ್ರವನ್ನು ಬಾಡಿಗೆಗೆ ತಂದು, ನಾಲ್ಕಾರು ಜನ ಸೇರಿ ಒಳಗೂ ಹೊರಗೂ ಬೆಳ್ಳಗಾಗುವಂತೆ ಉಜ್ಜಿಬಿಟ್ಟರು. ಆಮೇಲೆ ಹೊಳೆಯುವ ಹಸಿರು ಬಣ್ಣ. ಪೂಜೆಗಿಡುವ ವಸ್ತು ಲಕಲಕ ಎನ್ನಬೇಕಲ್ಲವೇ!

ಪೂಜೆಯ ಹಿಂದಿನ ದಿನ ಭೀಮಸೇನ ಬಂದು ನೋಡಿದ. ಒಳಗೆ ಇಳಿದು, ಹಸುವಿದ್ದ ಜಾಗವನ್ನು ಕೈಯಿಂದ ಸವರಿ, ಎದ್ದು ಬಂದ. ನಾನು ಕೂಗಾಡಿದೆ, ಅವನು ಕೂಗಾಡಲಿಲ್ಲ. ಗುರುದತ್ ಬೆನ್ನು ತಟ್ಟಿಸಿಕೊಳ್ಳಲು ನಿಂತಿದ್ದವನು ವಿಷಯ ತಿಳಿದು ಒಂದು ಗಳಿಗೆ ಪೆಚ್ಚಾದ. ಮರುಗಳಿಗೆಯಲ್ಲೇ ಅವನಿಗೆ ಪರಿಹಾರ ಸಿಕ್ಕಿತ್ತು.

"ಫೋಟೋ ತೆಗ್ದಿದೀರಲ್ಲ ಭೀಮಣ್ಣ. ದೊಡ್ಡದಾಗಿ ಸ್ಟಿಕರ್ ಮಾಡ್ಸಿ ಅಂಟಿಸ್ಬಿಡೋಣ. ಯಾರಿಗೂ ಗೊತ್ತಾಗಲ್ಲ."

ಫೋಟೋದಲ್ಲಿದ್ದದ್ದು ಬಾಲ, ಕಾಲು ಮಾತ್ರ. ತಲೆ ಡಾಂಬರಿನಡಿಯಿಂದ ಇನ್ನೂ ಹೊರಬಂದೇ ಇರಲಿಲ್ಲ. ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ.

ಜಾಯ್ಸ್ ಅವರಿಗೆ ಫೋನಿನಲ್ಲಿ ಹೇಳಲು ಭೀಮಸೇನನಿಂದ ಆಗಲಿಲ್ಲ. ಎದುರಿಗೇ ಹೇಳುತ್ತೇನೆ ಎಂದ. ಮರುದಿನ ಅವರು ಒಳ್ಳೆಯ ಕೋಟು ಹಾಕಿಕೊಂಡು, ತಾವೇ ಮಾಡಿದ ಕೇಕ್ ಹಿಡಿದು ಬಂದರು. ಚೆಂಡುಹೂವಿನ ಹಾರ, ಕುಂಕುಮ, ಮುಂದೆ ರಂಗೋಲಿ, ಹಸಿರಾಗಿ ಮಿನುಗುವ ಆ ಒಡಲು. ನೋಡಿ, ಬಹಳ ಅಚ್ಚುಕಟ್ಟಾಗಿದೆ ಎಂದರು. ಇಲ್ಲಿನ ಹಿರಿಯರು ಎದೆ ಒಡೆದರೂ ಹಾಗೆಯೇ ಹೇಳುತ್ತಾರೆ. ಆಮೇಲೆ ಮೆಲ್ಲಗೆ ಹಸುವಿನ ಮಾತು ಕೇಳಿದರು.

ಡಾಂಬರೇ ತಿಂದುಹಾಕಿತ್ತು ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಹಸು ಇತ್ತು, ಕಾಲು ಐದೇ ಇದ್ದವು, ನನ್ನ ಕಣ್ಣಾರೆ ನೋಡಿದೆ, ತಲೆಗೆ ಬರುವ ಮೊದಲೇ ನಮ್ಮವರು ಉಜ್ಜಿಬಿಟ್ಟರು ಎಂದ. ಫೋಟೋ ತೋರಿಸಿದ. ಅವರು ಅದನ್ನು ಬಹಳ ಹೊತ್ತು ನೋಡಿದರು.

ಅಷ್ಟರಲ್ಲಿ ಗುರುದತ್ ಗ್ರೂಪ್ ಫೋಟೋಗೆ ಎಲ್ಲರನ್ನೂ ಕರೆದ. ಅಜ್ಜಿಯನ್ನು ನಡುವೆ ನಿಲ್ಲಿಸಿ ಎಂದ. ಭೀಮಸೇನ ರಂಗೋಲಿಯ ಹತ್ತಿರ ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ಅವನ ಕೈಯಲ್ಲಿಟ್ಟ. ಎಲ್ಲರಿಗೂ 'ರೀ' ಹಚ್ಚಿ ಮಾತಾಡುವ ಮನುಷ್ಯ, ಅಂದು ಹಚ್ಚಲಿಲ್ಲ.

"ಒಳಗ ಇಳಿ. ಎಲ್ಲಿ ಅಳಿಸೀಯೋ ಅಲ್ಲೇ ಆ ಆಕಳಾ ಬರಿ. ಇವರ ಮುಂದನ ಬರಿ."

ಗುರುದತ್ ಸುತ್ತ ನೋಡಿದ. ಯಾರೂ ಅವನ ಪರವಾಗಿ ಬಾಯಿ ತೆರೆಯದಿದ್ದಾಗ ರೇಷ್ಮೆ ಪಂಚೆ ಎತ್ತಿ ಕಟ್ಟಿ ಒಳಗಿಳಿದ. ಬಾಲ ಬರೆದ. ಹೊಟ್ಟೆ ಬರೆದ. ನಾಲ್ಕು ಕಾಲು ಬರೆದ.

"ಐದು," ಎಂದರು ಜಾಯ್ಸ್.

ಐದನೆಯದನ್ನೂ ಬರೆದ. ಸೀಮೆಸುಣ್ಣ ಮುಂದಕ್ಕೆ ಸರಿದು ಕತ್ತಿನ ಹತ್ತಿರ ಬಂತು. ತಲೆ ಹೇಗಿತ್ತು ಎಂದು ಅವನು ತಿರುಗಿ ಕೇಳಿದ.

ಜಾಯ್ಸ್ ತಲೆಯಾಡಿಸಿದರು. "ಅದನ್ನು ನೀನು ಬರೆಯಬೇಡ."

ಅವನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರನ್ನು ವಸುಂಧರಾ ಒಳಗೆ ಕರೆದು ಟೀ ಕೊಟ್ಟಳು. ಗ್ರೂಪ್ ಫೋಟೋ ಆಗಲಿಲ್ಲ.