ನಾಲ್ಕನೇ ಜ್ವರ ಮತ್ತು ಒಂದು ಜೂಮ್ ಲೆನ್ಸ್

ನಮ್ಮ ಮನೆಯಲ್ಲಿ ಯಾರು ಯಾವಾಗ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನ ಮಾಡುವುದು ಯಜಮಾನರೂ ಅಲ್ಲ, ಅತ್ತೆಯೂ ಅಲ್ಲ. ರೇಷ್ಮೆ ಹುಳ. ಹುತ್ತೂರಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಮದುವೆ, ನಾಮಕರಣ, ತವರು, ಆಸ್ಪತ್ರೆ, ಎಲ್ಲವೂ ಹುಳದ ಅನುಕೂಲ ನೋಡಿಕೊಂಡೇ ನಡೆಯಬೇಕು. ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳಿ!

ಇಂಥ ಮನೆಯೊಳಗೆ ನನಗೊಂದು ಕ್ಯಾಮೆರಾ ಬಂತು. ನನ್ನಣ್ಣ ಹೊಸದು ಕೊಂಡು ಹಳೆಯದನ್ನು ನನಗೆ ಕೊಟ್ಟ. ಲೆನ್ಸ್ ಮಾತ್ರ ತಾನೇ ಇಟ್ಟುಕೊಂಡ. "ಲೆನ್ಸ್ ನೀನೇ ನೋಡ್ಕೊಳೇ" ಅಂದ. ಅದೇ ಹೊತ್ತಿಗೆ ಕೋಲಾರದ ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿಯರು ಹಂಪಿಗೆ ಹೊರಡುವ ಮಾತೆತ್ತಿದರು. ಮದುವೆಯಾದ ಮೇಲೆ ತವರು ಬಿಟ್ಟರೆ ಬೇರೆಲ್ಲೂ ನಾನು ಒಂದು ರಾತ್ರಿ ತಂಗಿದವಳಲ್ಲ. ಹುಳ ಗೂಡು ಕಟ್ಟಿ ಸೊಪ್ಪಿನ ಕೆಲಸ ಮುಗಿಯುವ ದಿನಗಳನ್ನೇ ನೋಡಿ, "ನಾನೂ ಬರ್ತೀನಿ ಕಣ್ರೇ" ಎಂದುಬಿಟ್ಟೆ.

ಆಮೇಲೆ ಶುರುವಾಯಿತು ಲೆನ್ಸಿನ ಹುಡುಕಾಟ. ಹುಳಕ್ಕೆ ಸೊಪ್ಪು ಕತ್ತರಿಸುವಾಗ ಮೊಬೈಲನ್ನು ಗೋಡೆಗೆ ಒರಗಿಸಿಕೊಂಡು ವಿಡಿಯೋ ನೋಡುತ್ತಿದ್ದೆ. ಹೊಸಬರಿಗೆ ಚಿಕ್ಕ ಜೂಮ್ ಸಾಕು ಎನ್ನುವವನೊಬ್ಬ, ಎರಡು ಲೆನ್ಸ್ ಇಲ್ಲದೆ ಮನೆ ಬಿಡಬೇಡಿ ಎನ್ನುವವನು ಇನ್ನೊಬ್ಬ. ಮನೆ ಬಿಡುವುದೇ ನನಗೆ ಕಷ್ಟ, ಇವನ ಎರಡು ಲೆನ್ಸ್ ಯಾರಿಗೆ ಬೇಕು? ನನಗೆ ಬೇಕಾಗಿದ್ದು ಒಂದೇ. ಇಡೀ ಗುಡಿಯೂ ಅದರಲ್ಲೇ ಬರಬೇಕು, ಗೋಪುರದ ತುದಿಯ ಗಿಣಿಯೂ ಅದರಲ್ಲೇ ಬರಬೇಕು. ಧೂಳಿನಲ್ಲಿ ನಿಂತು ಬಿಚ್ಚಿ ಹಾಕುವ ಗೋಜು ಇರಬಾರದು. ಯಜಮಾನರು ನಗುತ್ತಿದ್ದರು. "ಏನೇ, ಹುಳಗಳಿಗೆ ಆಲ್ಬಮ್ ಮಾಡಿಸ್ತೀಯಾ?"

"ನಿಮಗೇ ಮಾಡಿಸ್ತೀನಿ, ಸುಮ್ನಿರ್ರೀ" ಎಂದೆ.

ಕೋಲಾರದಲ್ಲಿ ನಮ್ಮ ಮದುವೆ ಫೋಟೋ ತೆಗೆದ ಸಾಹೇಬರ ಸ್ಟುಡಿಯೋ ಇದೆ. ಅವರನ್ನೇ ಹೋಗಿ ಕೇಳಿದೆ. ಹದಿನೆಂಟರಿಂದ ನೂರಾ ಮೂವತ್ತೈದರವರೆಗೆ ಹೋಗುವ, ನಂಬರು ಏರಿದಷ್ಟೂ ದೂರದ್ದನ್ನು ಹತ್ತಿರಕ್ಕೆ ಎಳೆಯುವ ತಮ್ಮದೇ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ಕೊಟ್ಟರು. "ಅರೇ ಅಮ್ಮಾ, ಸುಮ್ನೆ ತಗೊಂಡು ಆಮೇಲೆ ಯಾಕೆ ಬೈಕೋತೀರಾ? ಆಷಾಢ, ನನಗೂ ಮದುವೆ ಕೆಲಸ ಇಲ್ಲ. ಹಂಪಿಗೆ ಇದನ್ನ ತಗೊಂಡೋಗಿ. ಬಂದ ಮೇಲೆ ಫೋಟೋ ನೋಡೋಣ, ಯಾವ ನಂಬರಲ್ಲಿ ಜಾಸ್ತಿ ತೆಗೆದಿದ್ದೀರೋ ಅದೇ ನಿಮ್ಮ ಲೆನ್ಸು" ಎಂದರು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ಮನೆಗೆ ತಂದೆ.

ಆ ವಾರದಿಂದಲೇ ಮೋಡ ಕವಿಯಿತು. ತಣ್ಣನೆ ಗಾಳಿಗೆ ಹುಳ ಮಂಕಾಯಿತು. ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಕೊನೆಯದಾದ ನಾಲ್ಕನೇ ಜ್ವರ ತಡವಾಗಿ ಬಂತು, ಹುಳ ಅದರಿಂದ ಎದ್ದಿದ್ದು ಸರಿಯಾಗಿ ಗೆಳತಿಯರು ಹೊರಡುವ ದಿನವೇ. ಈ ಜ್ವರ ಎದ್ದ ಹುಳಕ್ಕೆ ಹಗಲೂ ರಾತ್ರಿ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅತ್ತೆ ಮುಳಬಾಗಿಲಿನ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. ನನ್ನ ಬ್ಯಾಗು ನೋಡಿ, "ಪೋನೀಲೇ ಅಮ್ಮಾ, ಹೋಗ್ಲಿ ಬಿಡು, ಹಂಪಿ ಎಲ್ಲಿಗೂ ಹೋಗಲ್ಲ" ಎಂದರು. ಹಂಪಿ ಹೋಗುವುದಿಲ್ಲ, ಸರಿ. ನಾನೂ ಹೋಗುವುದಿಲ್ಲವಲ್ಲ! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಈ ಜ್ವರ ಎದ್ದ ಮೇಲೆ ಗೂಡು ಕಟ್ಟುವ ತನಕ ಹುಳದ ಮನೆಯ ಕೆಲಸದವರು ಗೇಟು ದಾಟುವ ಹಾಗಿಲ್ಲ. ಹೊರಗೆ ಕಾಲಿಟ್ಟವರು ಹುಳಕ್ಕೆ ರೋಗ ತರುತ್ತಾರೆಂಬ ಭಯ. ದಾಟಿದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿಯೇ ಹುಳದ ಮನೆಗೆ ಬರಬೇಕು. ನೆಂಟರನ್ನೂ ಗೇಟಿನಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತೇವೆ. ತೋಟದಿಂದ ಸೊಪ್ಪು ಯಜಮಾನರು ತಂದು ಹಾಕುತ್ತಿದ್ದರು, ಒಳಗಿನದೆಲ್ಲ ನನ್ನದು. ನಡುವೆ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಮಹಡಿ ಹತ್ತುತ್ತಿದ್ದೆ. ರಸ್ತೆಯಲ್ಲಿ ನಿಂತ ಬಸ್ಸು, ಹತ್ತುವ ಹೆಂಗಸರು, ಟೊಮೇಟೊ ಗಾಡಿ, ಕೆರೆ ಏರಿ ಮೇಲೆ ನಡೆದುಹೋಗುವ ಯಾರೋ ಒಬ್ಬರು. ಗೆಳತಿಯರು ಹಂಪಿಯಿಂದ ಫೋಟೋ ಮೇಲೆ ಫೋಟೋ ಕಳಿಸುತ್ತಿದ್ದರು. ಹೊಟ್ಟೆ ಉರಿದುಹೋಯಿತು. ಮೊಬೈಲನ್ನು ಕೆಳಗಡೆಯೇ ಬಿಟ್ಟು ಹತ್ತತೊಡಗಿದೆ.

ಗೂಡು ಮಾರಿದ ಮೇಲೆ ಲೆನ್ಸ್ ವಾಪಸು ಕೊಡಲು ಕೋಲಾರಕ್ಕೆ ಹೋದೆ. ಸಾಹೇಬರು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ನೋಡಿದರು. ಹಂಪಿ ಎಲ್ಲಿ ಎಂದು ಕೇಳಲಿಲ್ಲ. ಅದು ಅವರ ದೊಡ್ಡತನ.

"ಎಲ್ಲಾ ನೂರಾ ಮೂವತ್ತೈದೇ ಅಮ್ಮಾ. ಒಂದಾದ್ರೂ ಹತ್ತಿರದ್ದು ಇಲ್ವಲ್ಲಾ?" ಎಂದರು. ಬಸ್ಸಿನ ಫೋಟೋದ ಮೇಲೆ ಬೆರಳಿಟ್ಟರು. "ಈ ರಸ್ತೆ ನಿಮ್ಮನೆಯಿಂದ ಎಷ್ಟು ದೂರ?"

"ಇಲ್ಲೇ. ನಮ್ಮ ಹಿಪ್ಪುನೇರಳೆ ತೋಟ ದಾಟಿದ್ರೆ ರಸ್ತೆ."

"ಮತ್ತೆ ನಡ್ಕೊಂಡು ಹೋಗಿ ತೆಗೀಬಹುದಿತ್ತಲ್ಲಮ್ಮಾ?"

ಹುಳ, ಜ್ವರ, ಸ್ನಾನ, ಇದನ್ನೆಲ್ಲ ಯಾರಿಗೆ ಎಲ್ಲಿಂದ ಶುರುಮಾಡಿ ಹೇಳುವುದು? ತೋಟದ ಆಚೆಯ ರಸ್ತೆಯೇ ನನಗೆ ಅಷ್ಟು ದೂರವಾಗಿತ್ತು ಎಂದು ಅವರು ಕೇಳಿದ ಮೇಲೆಯೇ ನನಗೂ ಗೊತ್ತಾಗಿದ್ದು. ಅವರು ಪಾಪ, ತಮ್ಮ ಲೆಕ್ಕದಲ್ಲೇ ಇದ್ದರು. "ಹಂಗಾದ್ರೆ ನಿಮಗೆ ಇದು ಸಾಲಲ್ಲ. ಇನ್ನೂ ದೂರ ಎಳೆಯೋದು ಇದೆ, ಬಸ್ಸಲ್ಲಿ ಕೂತಿರೋರ ಮೂಗುಬೊಟ್ಟು ಕೂಡ ಕಾಣುತ್ತೆ" ಎಂದು ಬೀರು ತೆಗೆಯಲು ಎದ್ದರು.

ಅಷ್ಟರಲ್ಲಿ ಯಜಮಾನರ ಫೋನು ಬಂತು. ದನಿಯಲ್ಲಿ ಖುಷಿಯಿತ್ತು. ಇನ್ನೊಂದು ತೋಟದ ಸೊಪ್ಪು ಬಲಿಯುತ್ತಿದೆ, ಮರಿ ಹುಳ ಸಿಕ್ಕಿತು, ಈಗ ತಾನೆ ಮನೆಗೆ ತಂದಿದ್ದೇನೆ, ಬೇಗ ಬಾ ಎಂದರು. "ಬರ್ತೀನಿ" ಎಂದೆ. ಬೇರೇನು ಹೇಳಲಿ?

ಸಾಹೇಬರು ಮೊಳಕೈ ಉದ್ದದ ಲೆನ್ಸ್ ಹಿಡಿದುಕೊಂಡು ನಿಂತಿದ್ದರು. ಇದನ್ನು ಕೊಂಡರೆ ಸಾಯುವ ತನಕ ಮಹಡಿಯ ಮೇಲೆ ನಿಂತು ಕಂಡವರ ಮೂಗುಬೊಟ್ಟು ನೋಡಿಕೊಂಡೇ ಇದ್ದುಬಿಡುತ್ತೇನಲ್ಲ ಎಂದು ಹೆದರಿಕೆಯಾಯಿತು.

"ಬೇಡ ಸಾಹೇಬ್ರೇ, ಒಳಗಿಡಿ" ಎಂದೆ. "ಚಿಕ್ಕ ಜೂಮ್ ಕೊಡಿ. ನಮ್ಮ ಮಹಡಿಯಿಂದ ನೋಡಿದ್ರೆ ಏನೂ ಕಾಣಬಾರದು, ಅಂಥದ್ದು."